ಬೀಗ ಹಾಕಿದ ಮನೆ ಖಾಲಿ ಮನೆಯಲ್ಲ

2024ನೆಯ ಇಸವಿ ಆಗಸ್ಟ್ 28ರಂದು ಕೇಂದ್ರ ಮಂತ್ರಿಮಂಡಲವು ದೇಶದಲ್ಲಿ 12 ಹೊಸ ಕೈಗಾರಿಕಾ ನಗರಗಳನ್ನು ಕಟ್ಟುವ ಯೋಜನೆಗೆ ಒಪ್ಪಿಗೆಯನ್ನಿತ್ತಿತು. ಹತ್ತು ರಾಜ್ಯಗಳು, ಆರು ಕಾರಿಡಾರುಗಳು, 28,602 ಕೋಟಿ ರೂಪಾಯಿಗಳ ವೆಚ್ಚ. ನೇರವಾಗಿ 10 ಲಕ್ಷ ಜನರಿಗೂ ಪರೋಕ್ಷವಾಗಿ 30 ಲಕ್ಷ ಜನರಿಗೂ ಕೆಲಸ ದೊರೆಯುವುದೆಂಬ ಅಂದಾಜು. ಇವುಗಳಲ್ಲಿ ಒಂದು ನಗರ ನಮ್ಮ ಮುಂಬಯಿಯ ದಕ್ಷಿಣಕ್ಕಿರುವ ರಾಯಗಡ ಜಿಲ್ಲೆಯ ದಿಘಿಯಲ್ಲಿ, 6,056 ಎಕರೆಗಳಲ್ಲಿ ಏಳಬೇಕಾಗಿದೆ. ಇನ್ನೊಂದು ಬೀದರಿನ ನೆರೆಯ ಜಹೀರಾಬಾದಿನಲ್ಲಿ. ಒಂದು ನಾವು ದುಡಿಯುವ ಊರಿನ ಮಗ್ಗುಲಿಗೆ, ಒಂದು ನಾವು ಹುಟ್ಟಿದ ನಾಡಿನ ಅಂಚಿಗೆ. ಆದುದರಿಂದ ಇದು ದೊಡ್ಡವರ ವ್ಯವಹಾರ, ನಮಗೇಕೆ ಎಂದು ನಮ್ಮ ಓದುಗರು ಪತ್ರಿಕೆಯ ಪುಟ ತಿರುವಿಹಾಕುವಂತಿಲ್ಲ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ನಾವು ಕೈಗಾರಿಕೆಯ ವಿರೋಧಿಗಳಲ್ಲ. ಕೈಗಾರಿಕೆಯನ್ನು ನಂಬಿಯೇ ನಮ್ಮ ಹಿರಿಯರು ಊರು ಬಿಟ್ಟು ಬಂದರು. ಗಿರಣಿ, ಗೋದಿ, ಕಾರ್ಖಾನೆ, ಹೊಟೇಲುಗಳಲ್ಲಿ ದುಡಿದು ಈ ಮಹಾನಗರದಲ್ಲಿ ಬೇರು ಬಿಟ್ಟರು. ಮಳೆಯನ್ನೇ ನೆಚ್ಚಿದ ಎರಡೆಕರೆ ಹೊಲ ನಾಲ್ಕು ಮಕ್ಕಳ ಸಂಸಾರವನ್ನು ಸಾಕಲಾರದೆಂಬುದನ್ನು ನಮಗೆ ಯಾರೂ ಪುಸ್ತಕ ನೋಡಿ ಹೇಳಬೇಕಾದುದಿಲ್ಲ. ಓದಿದ ಹುಡುಗ ಹೊಲಕ್ಕೂ ಹೋಗಲಾರದೆ, ಕಚೇರಿಗೂ ಸೇರಲಾರದೆ ಕಟ್ಟೆಯ ಮೇಲೆ ಕುಳಿತಿರುವ ಹಳ್ಳಿಗಳು ನಮ್ಮವೂ ಇವೆ. ಹೊಸ ಕಾರ್ಖಾನೆ ಬರಲಿ, ಹೊಸ ಊರೂ ಬರಲಿ. ಆದರೆ ಅದು ಯಾರ ನೆಲದ ಮೇಲೆ, ಯಾರ ಕೈಯಿಂದ, ಯಾರಿಗಾಗಿ ಏಳುವುದು ಎಂದು ಕೇಳುವ ಹಕ್ಕು ದುಡಿಯುವವನಿಗಿದೆ.

ಇಂಥ ಯೋಜನೆಗಳನ್ನು ಸಮರ್ಥಿಸುವವರು ಬಹುಮಟ್ಟಿಗೆ ಒಂದೇ ಮಾತನ್ನು ಆಡುತ್ತಾರೆ: ಈ ಪ್ರದೇಶದಲ್ಲಿ ಜನವಸತಿ ವಿರಳ, ಬರಿಯ ಹೊಲಗಳು, ಯಾರಿಗೂ ಹೆಚ್ಚಿನ ತೊಂದರೆಯಿಲ್ಲ ಎಂದು. ಕೇಳುವುದಕ್ಕೆ ನ್ಯಾಯವಾಗಿಯೇ ತೋರುತ್ತದೆ. ತುಂಬಿದ ಊರನ್ನು ಎಬ್ಬಿಸುವುದಕ್ಕಿಂತ ಬಯಲಿನಲ್ಲಿ ಊರು ಕಟ್ಟುವುದು ಲೇಸಲ್ಲವೆ? ಲೇಸೇ. ಆದರೆ ಆ ಬಯಲಿನಲ್ಲಿ ಜನ ಏಕೆ ಕಡಿಮೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಾವೇ.

ಸುಗ್ಗಿ ಮುಗಿದ ಮೇಲೆ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಒಣಭೂಮಿಯ ಹಳ್ಳಿಗಳಿಗೆ ಹೋಗಿ ನೋಡಿರಿ. ಓಣಿಗೆ ಓಣಿಯೇ ಬೀಗ ಹಾಕಿರುತ್ತದೆ. ಮುದುಕರು ಬಾಗಿಲಲ್ಲಿ ಕುಳಿತಿರುತ್ತಾರೆ. ಗಂಡ ಹೆಂಡಿರು ಮುಂಬಯಿಯಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾರೆ. ಮರಾಠವಾಡೆಯ ಬೀಡ ಜಿಲ್ಲೆಯವರು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳಿಗೂ ಸಂಸಾರ ಸಮೇತ ಹೋಗಿರುತ್ತಾರೆ. ಕೊಂಕಣದ ಊರುಗಳಲ್ಲಂತೂ ಗಣಪತಿ ಹಬ್ಬಕ್ಕೂ ಶಿಮಗಕ್ಕೂ ಮಾತ್ರ ಬಾಗಿಲು ತೆರೆಯುವ ಮನೆಗಳೆಷ್ಟೋ ಇವೆ. ಅವುಗಳ ಯಜಮಾನರು ತಲೆಮಾರುಗಳಿಂದ ಇಲ್ಲಿ ಪರಳ, ಲಾಲಬಾಗಗಳ ಚಾಳುಗಳಲ್ಲಿ ನಮ್ಮ ನೆರೆಹೊರೆಯವರಾಗಿದ್ದಾರೆ. ಇಂಥ ಹಳ್ಳಿಗೆ ಎಣಿಕೆಯವನು ಬಂದು, ಬಾಗಿಲು ತಟ್ಟಿ, ಯಾರೂ ಓಗೊಡದಿದ್ದುದನ್ನು ಕಂಡು, ಜನ ವಿರಳ ಎಂದು ಬರೆದುಕೊಂಡು ಹೋದರೆ ಅದು ಸತ್ಯವೂ ಹೌದು, ಸುಳ್ಳೂ ಹೌದು. ಜನ ಅಲ್ಲಿಲ್ಲ, ಆದರೆ ಊರು ಅವರದೇ. ಬೀಗ ಹಾಕಿದ ಮನೆ ಖಾಲಿ ಮನೆಯಲ್ಲ. ಮುಪ್ಪಿನಲ್ಲಿ ಮರಳುವುದಕ್ಕೆ, ಗಿರಣಿ ಮುಚ್ಚಿದಾಗ ಹೊಟ್ಟೆ ಹೊರೆಯುವುದಕ್ಕೆ, ಸಾಂಕ್ರಾಮಿಕ ಬಂದಾಗ ಓಡಿಹೋಗುವುದಕ್ಕೆ ದುಡಿಯುವವನಿಗಿರುವ ಒಂದೇ ಒಂದು ಆಸರೆ ಅದು. 2020ರಲ್ಲಿ ಈ ನಗರ ಬಾಗಿಲು ಮುಚ್ಚಿದಾಗ ಲಕ್ಷೋಪಲಕ್ಷ ಜನ ನಡೆದು ಹೊರಟದ್ದು ಅಂಥ ಬೀಗ ಹಾಕಿದ ಮನೆಗಳ ಕಡೆಗೇ.

ಇನ್ನು, ಊರಲ್ಲೇ ಇದ್ದರೂ ಲೆಕ್ಕಕ್ಕೆ ಬಾರದವರಿದ್ದಾರೆ. ಭೂಮಿಯ ವ್ಯವಹಾರವೆಲ್ಲ ಇಲ್ಲಿ ಸಾತಬಾರಾ ಉತಾರದ ಮೇಲೆ, ನಮ್ಮಲ್ಲಿ ಪಹಣಿಯ ಮೇಲೆ ನಡೆಯುತ್ತದೆ. ಪಹಣಿಯಲ್ಲಿ ಖಾತೆದಾರನ ಹೆಸರಿರುತ್ತದೆ. ಕೋರಿಗೆ ಮಾಡುವವನ ಹೆಸರು ಅನೇಕ ಕಡೆ ಇರುವುದಿಲ್ಲ. ಕೂಲಿಗೆ ಬಂದು ಕಳೆ ಕೀಳುವವಳ ಹೆಸರು ಎಲ್ಲಿಯೂ ಇರುವುದಿಲ್ಲ. ಗೋಮಾಳದಲ್ಲಿ ಕುರಿ ಮೇಯಿಸುವವನು, ಉಪ್ಪಿನಾಗರದಲ್ಲಿ ದುಡಿಯುವವನು, ಖಾಡಿಯಲ್ಲಿ ಬಲೆ ಬೀಸುವವನು, ಊರ ಕಮ್ಮಾರ, ಬಡಗಿ, ಇವರೆಲ್ಲ ಆ ನೆಲದಿಂದಲೇ ಬದುಕುತ್ತಾರೆ. ಆದರೆ ನೆಲದ ಕಾಗದದಲ್ಲಿ ಅವರಿಲ್ಲ. ಶೇಂದ್ರಾ-ಬಿಡಕೀನದ ಕೈಗಾರಿಕಾ ನಗರಕ್ಕಾಗಿ ಬಿಡಕೀನದ ರೈತರಿಗೆ ಎಕರೆಗೆ 23 ಲಕ್ಷ ರೂಪಾಯಿಗಳ ಪರಿಹಾರ ದೊರೆಯಿತು. ಹಿಂದಿನ ಕಾಲದ ಬಿಡಿಗಾಸಿಗೆ ಹೋಲಿಸಿದರೆ ಅದು ಒಳ್ಳೆಯ ಬೆಲೆಯೆಂದೇ ಹೇಳಬೇಕು. ಆದರೆ ಎಕರೆಯ ಮೇಲೆ ಕಟ್ಟಿದ ಬೆಲೆ ಎಕರೆ ಇಲ್ಲದವನನ್ನು ಹೇಗೆ ತಲಪೀತು?

ಜನ ವಿರಳವಾಗಿರಲು ಇನ್ನೂ ಒಂದು ಕಾರಣವುಂಟು. ಅದು ನೀರು. ನೀರಿಲ್ಲದ ಕಡೆ ಬೆಳೆಯಿಲ್ಲ, ಬೆಳೆಯಿಲ್ಲದ ಕಡೆ ಜನವಿಲ್ಲ. ಹೊಲಕ್ಕೇ ನೀರು ಕಾಣದ ಸೀಮೆಯಲ್ಲಿ ಲಕ್ಷಾಂತರ ಜನರ ನಗರವನ್ನೂ ಅದರ ಕಾರ್ಖಾನೆಗಳನ್ನೂ ಎಬ್ಬಿಸಿದರೆ ಅವಕ್ಕೆಲ್ಲ ನೀರು ಎಲ್ಲಿಂದ? ಮರಾಠವಾಡೆಯಲ್ಲಿ ಅದಕ್ಕೆ ಉತ್ತರ ಪೈಠಣದ ಜಾಯಕವಾಡಿ ಅಣೆಕಟ್ಟು. ಅದೇ ಅಣೆಕಟ್ಟನ್ನು ಕೆಳಗಿನ ರೈತನೂ ನಂಬಿದ್ದಾನೆ, ಹಳೆಯ ಪಟ್ಟಣವೂ ನಂಬಿದೆ. 2016ರ ಏಪ್ರಿಲಿನಲ್ಲಿ ಅದೇ ಮರಾಠವಾಡೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತೆಂಬುದನ್ನು ನಾವು ಮರೆಯಲಾಗದು. ಹೊಸ ನಗರದ ನಕ್ಷೆಯಲ್ಲಿ ಕೊಳಾಯಿಯ ಗೆರೆ ಎಳೆಯುವುದು ಸುಲಭ. ಆ ಕೊಳಾಯಿಯ ಇನ್ನೊಂದು ತುದಿಯಲ್ಲಿ ಯಾರ ಕಾಲುವೆ ಒಣಗುವುದೆಂಬುದನ್ನೂ ಅದೇ ನಕ್ಷೆಯಲ್ಲಿ ತೋರಿಸಬೇಕು.

ಬಯಲಿನಲ್ಲಿ ಕಟ್ಟಿದ ಊರಿನ ಅನುಭವ ನಮಗೆ ಹೊಸದಲ್ಲ. ಖಾಡಿಯ ಆಚೆಗೆ ನವಿ ಮುಂಬಯಿ ನಮ್ಮ ಕಣ್ಣೆದುರಿಗೇ ಇದೆ. 1970ರ ಮಾರ್ಚ್ 17ರಂದು ಸಿಡ್ಕೋ ಸ್ಥಾಪಿತವಾಯಿತು. ಠಾಣೆ ಮತ್ತು ಅಂದಿನ ಕೊಲಾಬಾ ಜಿಲ್ಲೆಗಳ 95 ಹಳ್ಳಿಗಳ, 344 ಚದರ ಕಿಲೋಮೀಟರುಗಳ ಸೀಮೆ ಯೋಜನೆಗೆ ಒಳಪಟ್ಟಿತು. ಅಲ್ಲಿದ್ದವರು ಬತ್ತ ಬೆಳೆಯುವ, ಉಪ್ಪು ತೆಗೆಯುವ ಆಗರಿಗಳು, ಮೀನು ಹಿಡಿಯುವ ಕೋಳಿಗಳು. ಇಂದು ಆ ನಗರ ಚೆಲುವಾಗಿ ನಿಂತಿದೆ. ಅಗಲವಾದ ರಸ್ತೆಗಳು, ವ್ಯವಸ್ಥಿತ ವಿಭಾಗಗಳು, ದೊಡ್ಡ ಮಾರುಕಟ್ಟೆಗಳು. ನಮ್ಮವರು ಸಾವಿರಾರು ಮಂದಿ ಅಲ್ಲಿ ನೆಲೆಸಿದ್ದಾರೆ. ಆ ಸಾಧನೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಅದರ ಬೆಲೆಯನ್ನು ಯಾರು ತೆತ್ತರು? ಭೂಮಿಗೆ ತಕ್ಕ ಬೆಲೆ ಬೇಕೆಂದು ಕೇಳಿದ ಉರಣ ತಾಲೂಕಿನ ರೈತರ ಮೇಲೆ 1984ರ ಜನವರಿ 16 ಮತ್ತು 17ರಂದು ಗುಂಡು ಹಾರಿತು. ಐವರು ಪ್ರಾಣ ತೆತ್ತರು. ದಿ. ಬಾ. ಪಾಟೀಲರ ಮುಂದಾಳುತನದ ಆ ಹೋರಾಟದ ಫಲವಾಗಿ, ಕಳೆದುಕೊಂಡ ಭೂಮಿಯ ನೂರಕ್ಕೆ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ಯೋಜನೆ ಬಂದಿತು. ಅದು ಎಲ್ಲ ಹಳ್ಳಿಗಳಿಗೂ ಅನ್ವಯಿಸುವ ಹೊತ್ತಿಗೆ 1994 ಆಗಿತ್ತು. ಭೂಮಿ ಹೋದುದು ಅಪ್ಪನ ಕಾಲದಲ್ಲಿ, ಹಕ್ಕು ಬಂದುದು ಮಗನ ಕಾಲದಲ್ಲಿ. ನಡುವಣ ಇಪ್ಪತ್ತನಾಲ್ಕು ವರ್ಷಗಳ ಬಡ್ಡಿಯನ್ನು ಯಾವ ಸರಕಾರ ಕೊಟ್ಟೀತು?

ದುಡಿಯುವವನ ಕಡೆಯಿಂದಲೂ ನೋಡಿರಿ. ಠಾಣೆ-ಬೇಲಾಪುರದ ಕಾರ್ಖಾನೆಗಳ ಸಾಲು ನಗರಕ್ಕಿಂತ ಮೊದಲೇ, 1960ರ ದಶಕದಲ್ಲೇ ಏಳತೊಡಗಿತ್ತು. ಖಾಡಿಯ ಮೇಲೆ ರಸ್ತೆಯ ಸೇತುವೆ ಬಂದದ್ದು 1973ರಲ್ಲಿ. ಮಾನಖುರ್ದದಿಂದ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಆ ಕಾರ್ಖಾನೆಗಳ ಬಾಗಿಲ ಮುಂದೆಯೇ ಹಾಯುವ ಠಾಣೆ-ವಾಶಿ ರೈಲಿನಲ್ಲಿ ಕೆಲಸಗಾರ ಕುಳಿತದ್ದು 2004ರಲ್ಲಿ. ಅಷ್ಟರೊಳಗಾಗಿ ಆ ಸಾಲಿನ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿಕೊಂಡಿದ್ದವು. ಚಿಮಣಿ ಮೊದಲು, ರೈಲು ಕೊನೆಗೆ. ಪ್ಲಾಟು ಮೊದಲು, ಕೆಲಸಗಾರನ ಮನೆ ಎಂದಿಗೋ. ಈ ಅನುಕ್ರಮವನ್ನು ತಲೆಕೆಳಗು ಮಾಡಬೇಕೆಂಬುದೇ ನಮ್ಮ ಇಂದಿನ ಮುಖ್ಯ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂಬ ಗಾದೆ ಮನೆಗೆ ಸಲ್ಲಬಹುದು, ನಗರಕ್ಕೆ ಸಲ್ಲದು. ನಗರದ ವಿಷಯದಲ್ಲಿ ಕುಲಾವಿಯೇ ಮೊದಲು ಸಿದ್ಧವಾಗಬೇಕು.

ಕೆಲಸಗಾರನ ಮನೆಯ ಪ್ರಶ್ನೆಯನ್ನು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶೇಂದ್ರಾ-ಬಿಡಕೀನ ನಗರವನ್ನೇ ತೆಗೆದುಕೊಳ್ಳಿ. ಸುಮಾರು 10,000 ಎಕರೆಗಳ ಈ ನಗರದ ಯೋಜನೆಯಲ್ಲಿ ನೂರಕ್ಕೆ ಅರುವತ್ತು ಪಾಲು ಕೈಗಾರಿಕೆಗೆ, ಉಳಿದ ನಲವತ್ತು ಪಾಲು ವಸತಿ, ವ್ಯಾಪಾರ, ಉದ್ಯಾನ ಮೊದಲಾದುವಕ್ಕೆ. 2019ರ ಸೆಪ್ಟೆಂಬರ್ 7ರಂದು ಅದರ ಆಡಳಿತ ಭವನದ ಉದ್ಘಾಟನೆಯಾಯಿತು. ಅಲ್ಲಿಗೆ ಎಂಟು ತಿಂಗಳಾದ ಮೇಲೆ, 2020ರ ಮೇ 8ರ ನಸುಕಿನಲ್ಲಿ, ಶೇಂದ್ರಾದ ನೆರೆಯ ಕರಮಾಡದ ಹತ್ತಿರ ರೈಲುಹಳಿಯ ಮೇಲೆ ದಣಿದು ಮಲಗಿದ್ದ 16 ಮಂದಿ ಕೆಲಸಗಾರರು ಸರಕು ರೈಲಿಗೆ ಸಿಕ್ಕಿ ಸತ್ತರು. ಅವರು ಆ ನಗರದ ಕೆಲಸಗಾರರಲ್ಲ. ಜಾಲನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದವರು. ಭುಸಾವಳದಲ್ಲಿ ರೈಲು ಸಿಕ್ಕೀತೆಂಬ ಆಸೆಯಿಂದ ನಡೆದು ಬರುತ್ತಿದ್ದರು. ಅವರ ಸಾವಿನ ಹೊಣೆಯನ್ನು ನಾವು ಆ ನಗರದ ಮೇಲೆ ಹೊರಿಸುವುದಿಲ್ಲ. ದುಡಿಮೆಗೆ ಕರೆದ ಊರಿನಲ್ಲಿ ನಿಲ್ಲಲು ಒಂದು ನೆಲೆಯಿದ್ದಿದ್ದರೆ ಯಾರೂ ಹಳಿಯನ್ನು ಹಿಡಿದು ಊರಿಗೆ ಹೊರಡುತ್ತಿರಲಿಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತೇವೆ. ನೂರಕ್ಕೆ ನಲವತ್ತರ ಆ ಪಾಲಿನಲ್ಲಿ ಗುತ್ತಿಗೆಯ ಕೂಲಿಕಾರನಿಗೆ ಎಷ್ಟು ಗಜ ಎಂದು ಯೋಜನೆಯಲ್ಲಿ ಬರೆದಿರಲೇಬೇಕು.

ಇದು ಆಗದ ಕೆಲಸವೇನಲ್ಲ. ನೂರು ವರ್ಷಗಳ ಹಿಂದೆ, 1920ರ ದಶಕದಲ್ಲಿ, ಪರಕೀಯ ಸರಕಾರವೇ ವರಳಿ, ನಾಯಗಾವ, ಶಿವಡಿ, ಡಿಲೈಲ್ ರಸ್ತೆಗಳಲ್ಲಿ ಕೆಲಸಗಾರರಿಗಾಗಿ 207 ಬಿ.ಡಿ.ಡಿ. ಚಾಳುಗಳನ್ನು ಕಟ್ಟಿತು. 160 ಚದರಡಿಯ ಕೋಣೆ, ಸಾಮಾನ್ಯ ನಲ್ಲಿ, ಅರಮನೆಯಲ್ಲ ನಿಜ. ಆದರೆ ಕೆಲಸಗಾರ ಅದರಲ್ಲಿ ಹೆಂಡತಿಯನ್ನು ತಂದಿರಿಸಿಕೊಂಡ, ಮಕ್ಕಳನ್ನು ಶಾಲೆಗೆ ಕಳುಹಿಸಿದ, ಸಂಘ ಕಟ್ಟಿದ, ಭಜನೆ ಮಾಡಿದ, ನಾಟಕವಾಡಿದ. ಆ ನಾಲ್ಕು ಗೋಡೆಗಳಿಂದಲೇ ಅವನು ಈ ನಗರದ ಪ್ರಜೆಯಾದ.

ಇದಕ್ಕೆ ಎದುರಾಗಿ ನಮ್ಮ ಹೊಟೇಲು ಕೆಲಸಗಾರರ ಅನುಭವವನ್ನಿಟ್ಟು ನೋಡಿ. ದಕ್ಷಿಣ ಕನ್ನಡದಿಂದ ಬಂದ ಹುಡುಗ ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಅದೇ ಹೊಟೇಲಿನ ಮೇಜು ಸರಿಸಿ ಮಲಗುತ್ತಿದ್ದ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಸಂಸಾರ ಮಾತ್ರ ಊರಲ್ಲಿ, ಮನಿಯಾರ್ಡರಿನ ದಾರಿ ಕಾಯುತ್ತ. ಕೆಲಸ ಹೋದ ದಿನವೇ ಅವನ ಸೂರೂ ಹೋಗುತ್ತಿತ್ತು. 2024ರ ಜುಲೈ ಮುಂಗಡಪತ್ರದಲ್ಲಿ ಕೈಗಾರಿಕಾ ಕಾರ್ಮಿಕರಿಗಾಗಿ ಸಾಮೂಹಿಕ ವಸತಿಗೃಹಗಳ ಮಾದರಿಯ ಬಾಡಿಗೆ ಮನೆಗಳನ್ನು ಕಟ್ಟಿಸುವ ಮಾತು ಬಂದಿತು. ಪ್ರಶ್ನೆಯೊಂದಿದೆಯೆಂದು ಸರಕಾರ ಒಪ್ಪಿಕೊಂಡಿದೆ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಸಾಲು ಮಂಚಗಳ ಕೋಣೆ ಒಂಟಿ ದುಡಿಮೆಗಾರನಿಗೆ ತಂಗುದಾಣವಾದೀತೇ ಹೊರತು ಮನೆಯಾಗದು. ಅಲ್ಲಿ ಅವನ ಹೆಂಡತಿಗೆ ಎಡೆಯಿಲ್ಲ, ಮಗುವಿಗೆ ಶಾಲೆಯಿಲ್ಲ. ಕಾರ್ಖಾನೆಯವನೇ ಮಂಚದ ಯಜಮಾನನಾದರೆ ಮುಷ್ಕರದ ಮೊದಲ ದಿನವೇ ಕೆಲಸಗಾರ ಬೀದಿಯಲ್ಲಿ. ನಮಗೆ ಬೇಕಾದುದು ಹಾಸಿಗೆಯಲ್ಲ, ಮನೆ.

ಒಂದೇ ಉದ್ಯಮವನ್ನು ನೆಚ್ಚಿದ ಊರಿನ ಗತಿಯನ್ನೂ ನಾವು ಕಂಡಿದ್ದೇವೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಗಣಿ ಹೋಯಿತು, ಊರು ಉಳಿಯಿತು. ಅಲ್ಲಿನ ಗಣಿಗಾರರ ಮಕ್ಕಳು ಇಂದಿಗೂ ನಸುಕಿಗೆದ್ದು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಈ ಮುಂಬಯಿಯಲ್ಲೇ 1982ರ ಜನವರಿ 18ರಂದು ಮೊದಲಾದ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷ ಕೆಲಸಗಾರರು ಭಾಗಿಯಾದರು. ಆಮೇಲೆ ಗಿರಣಿಗಳು ಒಂದೊಂದಾಗಿ ಹೋದುವು. ಗಿರಣಿಯ ನೆಲಕ್ಕೆ ಬಂಗಾರದ ಬೆಲೆ ಬಂದಿತು. ಅದರಲ್ಲಿ ಮನೆಯ ಪಾಲು ಕೇಳಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮತ್ತು ಅವರ ವಾರಸುದಾರರು ಅರ್ಜಿ ಹಾಕಿದರು. ಮನೆ ಕಂಡವರು ಅವರಲ್ಲಿ ಒಂದು ಸಣ್ಣ ಪಾಲು ಮಾತ್ರ. ಕೈಗಾರಿಕೆಗೆಂದು ಕೊಟ್ಟ ನೆಲ ಕೈಗಾರಿಕೆ ಮುಚ್ಚಿದ ದಿನ ಯಾರದಾಗುತ್ತದೆಂಬ ಪ್ರಶ್ನೆಗೆ ಉತ್ತರವನ್ನು ನೆಲ ಕೊಡುವ ದಿನವೇ ಬರೆಸಿಕೊಳ್ಳಬೇಕೆಂಬ ಪಾಠವನ್ನು ಗಿರಣಗಾವ ಕಣ್ಣೀರು ಸುರಿಸಿ ಕಲಿತಿದೆ.

ಕಾನೂನು ಇಲ್ಲವೆ ಎಂದರೆ, ಇದೆ. 2013ರ ಭೂಸ್ವಾಧೀನ ಕಾನೂನು ಬಾಧಿತ ಕುಟುಂಬವೆಂದರೆ ಖಾತೆದಾರನ ಕುಟುಂಬವೊಂದೇ ಅಲ್ಲ. ಮೂರು ವರ್ಷಗಳಿಂದ ಆ ಸೀಮೆಯಲ್ಲಿ ದುಡಿದು ಬದುಕುವ ಕೃಷಿ ಕೂಲಿಕಾರ, ಗೇಣಿದಾರ, ಪಾಲುಗಾರ, ಕುಶಲಕರ್ಮಿಯ ಕುಟುಂಬವೂ ಅದರಲ್ಲಿ ಸೇರಿದೆಯೆಂದು ಹೇಳುತ್ತದೆ. ಭೂಮಿ ಹಿಡಿಯುವ ಮೊದಲು ಸಾಮಾಜಿಕ ಪರಿಣಾಮದ ಸಮೀಕ್ಷೆ ನಡೆಯತಕ್ಕದ್ದೆಂದೂ ವಿಧಿಸುತ್ತದೆ. ದೊಡ್ಡ ಮನಸ್ಸಿನ ಕಾನೂನು. ಆದರೆ ಗುಜರಾತ, ಮಹಾರಾಷ್ಟ್ರ, ಕರ್ನಾಟಕ ಮೊದಲಾದ ರಾಜ್ಯಗಳು ಅದಕ್ಕೆ ತಿದ್ದುಪಡಿ ತಂದು, ಕೈಗಾರಿಕಾ ಕಾರಿಡಾರಿನಂಥ ಕೆಲಸಗಳಿಗೆ ಈ ಸಮೀಕ್ಷೆಯಿಂದ ವಿನಾಯಿತಿ ಕೊಡಲು ದಾರಿ ಮಾಡಿಕೊಂಡವು. ಕೂಲಿಕಾರನನ್ನು ಎಣಿಸುವ ಒಂದೇ ಬಾಗಿಲನ್ನು ಹೀಗೆ ಮುಚ್ಚಿದ ಮೇಲೆ ಜನ ವಿರಳವಾಗದೆ ಮತ್ತೇನಾದೀತು?

ಆದರೂ ಜನ ಒಗ್ಗಟ್ಟಾದರೆ ಸರಕಾರ ಕಿವಿಗೊಡುತ್ತದೆ. ನಮ್ಮ ದೇವನಹಳ್ಳಿಯೇ ಅದಕ್ಕೆ ಸಾಕ್ಷಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗಳನ್ನು ಕೈಗಾರಿಕೆಗೆ ಹಿಡಿಯಲು ಹೊರಟಾಗ ಅಲ್ಲಿನ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಟ್ಟುದಾಗಿ ಸಾರಿದರು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದೆಂದರು. ಆಂಧ್ರದ ಅಮರಾವತಿಯಲ್ಲಿ ನೆಲವಿಲ್ಲದ ಕುಟುಂಬಗಳಿಗೂ ತಿಂಗಳಿಗೆ 2,500 ರೂಪಾಯಿಗಳಂತೆ ಹತ್ತು ವರ್ಷಗಳ ಪಿಂಚಣಿಯನ್ನು ಗೊತ್ತುಮಾಡಿದ ಉದಾಹರಣೆಯೂ ಇದೆ. ಮೊತ್ತ ಚಿಕ್ಕದು, ಆದರೆ ನೆಲವಿಲ್ಲದವನೂ ಕಳೆದುಕೊಳ್ಳುವವನೇ ಎಂಬ ತತ್ತ್ವವನ್ನು ಒಂದು ಸರಕಾರ ಒಪ್ಪಿತಲ್ಲ!

ಆದುದರಿಂದ ದಿಘಿಯಲ್ಲಾಗಲಿ, ಜಹೀರಾಬಾದಿನಲ್ಲಾಗಲಿ, ಬೇರೆಲ್ಲಾಗಲಿ ಹೊಸ ಕೈಗಾರಿಕಾ ನಗರವನ್ನು ಕಟ್ಟುವವರ ಮುಂದೆ ನಾವು ಈ ಬೇಡಿಕೆಗಳನ್ನಿಡುತ್ತೇವೆ:

ಒಂದು, ಪಹಣಿಯ ಎಣಿಕೆಯೊಂದೇ ಸಾಲದು. ಊರು ಬಿಟ್ಟು ದುಡಿಯಲು ಹೋದವರನ್ನೂ ಸೇರಿಸಿ, ಅವರು ಮರಳಿ ಬರುವ ಕಾಲದಲ್ಲಿ, ಮನೆ ಮನೆಯ ಎಣಿಕೆ ನಡೆಯಬೇಕು. ಅದರ ಪಟ್ಟಿ ಅವರವರ ಭಾಷೆಯಲ್ಲಿ ಪಂಚಾಯತಿಯ ಗೋಡೆಯ ಮೇಲೆ ಬರಬೇಕು.

ಎರಡು, ಹಣವೊಂದನ್ನೇ ಕೊಟ್ಟು ಕೈ ತೊಳೆದುಕೊಳ್ಳದೆ, ಅಭಿವೃದ್ಧಿಪಡಿಸಿದ ನೆಲದಲ್ಲಿ ಖಾತೆದಾರನಿಗೆ ಮೊದಲ ದಿನವೇ ಪಾಲು ಕೊಡಬೇಕು. ಪತ್ರ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿರಬೇಕು. ನೆಲವಿಲ್ಲದವನಿಗೆ ನಿವೇಶನವೂ ಮಾಸಾಶನವೂ ಸಿಗಬೇಕು.

ಮೂರು, ಪ್ರತಿ ಕಾರ್ಖಾನೆಯ ಪ್ಲಾಟಿನ ಜೊತೆಗೆ ಅಲ್ಲಿ ದುಡಿಯುವವರ ಸಂಸಾರದ ಮನೆಗಳ ನೆಲವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಗುತ್ತಿಗೆ ಕೆಲಸಗಾರನಿಗೂ ಅದರಲ್ಲಿ ಹಕ್ಕಿರಬೇಕು. ಮನೆಯ ಬೀಗದ ಕೈ ಕಾರ್ಖಾನೆಯವನ ಕೈಯಲ್ಲಿರಕೂಡದು.

ನಾಲ್ಕು, ಕಾರ್ಖಾನೆಗೆ ಮುಂಚೆ ರೈಲು ಇಲ್ಲವೆ ಬಸ್ಸು, ಶಾಲೆ, ವಿಮಾ ಆಸ್ಪತ್ರೆ. ನೀರಿನ ಲೆಕ್ಕ ಬಹಿರಂಗವಾಗಿರಬೇಕು.

ಐದು, ಕೈಗಾರಿಕೆ ನಿಂತರೆ ನೆಲ ಮಾರಾಟದ ಸರಕಾಗದೆ ಸಾರ್ವಜನಿಕಕ್ಕೆ ಮರಳಬೇಕೆಂಬ ಷರತ್ತು ಮೊದಲ ಕರಾರಿನಲ್ಲೇ ಇರಬೇಕು.

ಈ ಬೇಡಿಕೆಗಳಿಂದ ಕಾರ್ಖಾನೆಗಳು ಓಡಿಹೋಗುತ್ತವೆಂದು ಹೆದರಿಸುವವರಿದ್ದಾರೆ. ನೆಲ ಅಗ್ಗವಾಗಿರುವುದರಿಂದ ಮಾತ್ರ ಬರುವ ಕಾರ್ಖಾನೆ, ನೆಲ ತುಟ್ಟಿಯಾದ ದಿನ ಅದನ್ನು ಮಾರಿಕೊಂಡು ಹೋಗುವ ಕಾರ್ಖಾನೆಯೇ. ಹತ್ತಿರದಲ್ಲಿ ಮನೆ, ಮಕ್ಕಳಿಗೆ ಶಾಲೆ ಇದ್ದ ಕೆಲಸಗಾರ ನೆಲೆ ನಿಲ್ಲುತ್ತಾನೆ, ಕೈಚಳಕ ಗಳಿಸುತ್ತಾನೆ. ಅದರಿಂದ ಮಾಲಿಕನಿಗೂ ನಷ್ಟವಿಲ್ಲ.

ಕೊನೆಯದಾಗಿ ನಮ್ಮ ಬಂಧುಗಳಿಗೆ ಎರಡು ಮಾತು. ಈ ಸಲ ಊರಿಗೆ ಹೋದಾಗ ಜಾತ್ರೆ, ಹಬ್ಬ ಮುಗಿಸಿ ಹಾಗೆಯೇ ಮರಳದೆ, ತಲಾಟಿಯ ಕಚೇರಿಗೊಮ್ಮೆ ಹೋಗಿ ನಿಮ್ಮ ಹೊಲದ, ಮನೆಯ ಪಹಣಿಯನ್ನು ತೆಗೆಸಿ ನೋಡಿರಿ. ಸತ್ತ ಅಜ್ಜನ ಹೆಸರಿನಲ್ಲೇ ಖಾತೆ ನಿಂತಿದ್ದರೆ ಬದಲಾಯಿಸಿಕೊಳ್ಳಿರಿ. ಗ್ರಾಮಸಭೆ ಯಾವಾಗ ನಡೆಯುವುದೆಂದು ಕೇಳಿ ತಿಳಿಯಿರಿ. ಸ್ವಾಧೀನದ ನೋಟೀಸು ಬಂದರೆ ಆಕ್ಷೇಪಣೆಯ ಅವಧಿ ಕಳೆಯುವ ಮುಂಚೆ ಇಲ್ಲಿಗೆ ತಿಳಿಸುವಂತೆ ಊರಲ್ಲಿರುವ ಒಬ್ಬರಿಗೆ ಹೇಳಿ ಬನ್ನಿರಿ. ಇಲ್ಲಿನ ಸಂಘಗಳೂ ಅಷ್ಟೇ. ದಿಘಿಯ ರೈತ ಮರಾಠಿ ಮಾತಾಡುತ್ತಾನೆ, ಜಹೀರಾಬಾದಿನವನು ತೆಲುಗು ಮಾತಾಡುತ್ತಾನೆ ಎಂದು ನಾವು ದೂರ ನಿಲ್ಲುವುದು ಸಲ್ಲದು. ಇಂದು ಅವರು ಕಳೆದುಕೊಳ್ಳುವ ಹೊಲದ ಮೇಲೆ ನಾಳೆ ದುಡಿಯುವವರು ನಮ್ಮ ಮಕ್ಕಳು. ನೆಲ ಕೊಟ್ಟವನೂ ದುಡಿಮೆ ಕೊಟ್ಟವನೂ ಒಬ್ಬರಿಗೊಬ್ಬರು ಎದುರಾಳಿಗಳಾಗಿ ನಿಂತರೆ ಲಾಭ ಮೂರನೆಯವನಿಗೆ; ಇಬ್ಬರೂ ಕೂಡಿ ನಿಂತರೆ ಹೊಸ ನಗರದ ನಕ್ಷೆಯಲ್ಲಿ ಇಬ್ಬರ ಮನೆಯೂ ಇದ್ದೇ ಇರುತ್ತದೆ.